ವಿನ್ಯಾಸ ಪರಿಶೀಲನೆಗೆ ನಕ್ಷೆ ಸಲ್ಲಿಸುವ ಮುನ್ನ

ನಗರಾಡಳಿತದ ವಿನ್ಯಾಸ ಪರಿಶೀಲನಾ ಸಮಿತಿಗೆ ನಿಮ್ಮ ಮನೆಯ ಒಳಗಿನ ಕೋಣೆಗಳ ಗೊಡವೆ ಸಾಮಾನ್ಯವಾಗಿ ಇರುವುದಿಲ್ಲ. ಬೀದಿಯಲ್ಲಿ ನಿಂತವರಿಗೆ ಏನು ಕಾಣುತ್ತದೆ ಎಂಬುದೇ ಅದಕ್ಕೆ ಮುಖ್ಯ. 1931ರಲ್ಲಿ ಅಮೆರಿಕದ ಚಾರ್ಲ್ಸ್‌ಟನ್ ನಗರ ತನ್ನ ಹಳೆಯ ಬಡಾವಣೆಗೆ ಇಂಥದ್ದೊಂದು ಮಂಡಳಿ ರಚಿಸಿದಾಗಲೂ ಅದರ ಕಣ್ಣಿದ್ದದ್ದು ಬೀದಿಗೆ ಕಾಣುವ ಹೊರಮೈ ಮೇಲೆಯೇ. ಹಾಗಾಗಿ ನಕ್ಷೆ ಬರೆಯಲು ಕೂರುವ ಮೊದಲೇ ಬೀದಿಯನ್ನು ಅಳೆದುಬಿಡಿ.

ನಿಮ್ಮ ನಿವೇಶನದ ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು ಕಟ್ಟಡಗಳ ಫೋಟೊ ತೆಗೆಯಿರಿ. ಎದುರು ಸಾಲನ್ನೂ ಬಿಡಬೇಡಿ. ಕ್ಯಾಮೆರಾವನ್ನು ಗೋಡೆಗೆ ನೇರವಾಗಿ ಹಿಡಿಯಬೇಕು. ಗೋಡೆಗೆ ತಾಗಿಸಿ ನಿಲ್ಲಿಸಿದ 2 ಮೀಟರ್ ಅಳತೆಗೋಲು ಚಿತ್ರದಲ್ಲಿ ಬರಲಿ, ಏಣಿ ಹತ್ತದೆಯೇ ಎತ್ತರಗಳನ್ನು ಅಂದಾಜು ಮಾಡಬಹುದು. ಬರೆದಿಟ್ಟುಕೊಳ್ಳಬೇಕಾದವು: ಪ್ಲಿಂತ್ (ಮನೆಯ ಅಡಿಗಟ್ಟೆ) ಮಟ್ಟ, ಪ್ರತಿ ಮಹಡಿಯ ಲಿಂಟೆಲ್ (ಬಾಗಿಲು, ಕಿಟಕಿಯ ಮೇಲಿನ ತೊಲೆ) ಮಟ್ಟ, ಪ್ಯಾರಪೆಟ್ (ತಾರಸಿಯ ಅಂಚಿನ ಗೋಡೆ) ಅಥವಾ ಸೂರಿನ ಎತ್ತರ, ಮುಂಭಾಗದ ಸೆಟ್‌ಬ್ಯಾಕ್ (ನಿವೇಶನದ ಗಡಿಯಿಂದ ಕಟ್ಟಡಕ್ಕೆ ಬಿಟ್ಟ ಜಾಗ), ಕಿಟಕಿಯ ಅಗಲ ಮತ್ತು ಎತ್ತರ, ಬಾಗಿಲು ಎಲ್ಲಿದೆ ಎಂಬುದು. ಇವುಗಳಲ್ಲಿ ಜನ ಹೆಚ್ಚಾಗಿ ಮರೆಯುವುದು ಲಿಂಟೆಲ್ ಮಟ್ಟ. ಅಕ್ಕಪಕ್ಕದ ಮಹಡಿಗಳು 3.6 ಮೀಟರ್ ಇದ್ದು ನಿಮ್ಮವು 3 ಮೀಟರ್ ಆದರೆ, ಮೊದಲ ಮಹಡಿಯ ಕಿಟಕಿ ಸಾಲು 60 ಸೆಂಟಿಮೀಟರ್ ಕೆಳಗೆ ಬರುತ್ತದೆ, ಎರಡನೆಯದರದು 1.2 ಮೀಟರ್ ಕೆಳಗೆ. ಒಟ್ಟು ಎತ್ತರ ಸರಿಯಿದ್ದರೂ ಸಾಲು ತಪ್ಪಿದ್ದು ಯಾರ ಕಣ್ಣಿಗಾದರೂ ಬೀಳುತ್ತದೆ. ಪ್ಲಿಂತನ್ನು ಎತ್ತರಿಸಿಯೋ ನೆಲಮಹಡಿಯನ್ನಷ್ಟೇ ಎತ್ತರ ಮಾಡಿಯೋ ಇದನ್ನು ಬಹುಪಾಲು ಸರಿಪಡಿಸಬಹುದು, ಆದರೆ ಸ್ಟ್ರಕ್ಚರಲ್ ಡ್ರಾಯಿಂಗ್ (ಕಂಬ, ತೊಲೆಗಳ ನಕ್ಷೆ) ಮುಗಿಯುವ ಮುನ್ನ ಮಾತ್ರ.

ಈ ಅಳತೆಗಳನ್ನೆಲ್ಲ ಒಂದೇ ಹಾಳೆಗೆ ತನ್ನಿ: 1:200 ಪ್ರಮಾಣದಲ್ಲಿ ಇಡೀ ಬೀದಿಯ ಎಲಿವೇಷನ್ (ಎದುರಿನಿಂದ ನೇರವಾಗಿ ನೋಡಿದಂತಿರುವ ನಕ್ಷೆ), ನಡುವೆ ನಿಮ್ಮ ಕಟ್ಟಡ. ಸಮಿತಿಯ ಮುಂದೆ ಇದಕ್ಕಿಂತ ಬೆಲೆಯುಳ್ಳ ಹಾಳೆ ಇನ್ನೊಂದಿಲ್ಲ. ನೆರೆಯ ಕಟ್ಟಡಗಳನ್ನು ಬೂದು ಚೌಕಗಳಾಗಿ ತೋರಿಸಬೇಡಿ. ಕಿಟಕಿ, ಸಜ್ಜಾ, ಕಾಂಪೌಂಡ್ ಎಲ್ಲ ಕಾಣಲಿ. ಆಕಾಶದಿಂದ ನೋಡಿದಂತಿರುವ ಬಣ್ಣದ ತ್ರೀಡಿ ಚಿತ್ರ ಚೆಂದವೇನೋ ಹೌದು, ಆದರೆ ಹಾಗೆ ನೋಡುವವರು ಯಾರೂ ಇಲ್ಲ. ಮುಂಭಾಗವನ್ನು ಮುಚ್ಚುವ ದೊಡ್ಡ ಮರಗಳನ್ನು ಬಿಡಿಸಿದರಂತೂ ಏನನ್ನೋ ಅಡಗಿಸುತ್ತಿದ್ದೀರಿ ಎಂಬ ಅನುಮಾನವೇ ಮೊದಲು ಹುಟ್ಟುತ್ತದೆ.

ನೆರೆಯವರಿಗಿಂತ ಒಂದು ಮಹಡಿ ಹೆಚ್ಚು ಬೇಕಿದ್ದರೆ ಅದನ್ನು ಹಿಂದಕ್ಕೆ ಸರಿಸುವುದು ರೂಢಿ. ಎಷ್ಟು ಸರಿಸಬೇಕೆಂದು ಲೆಕ್ಕ ಹಾಕಿಯೇ ತೋರಿಸಿ. ಎದುರಿನ ಫುಟ್‌ಪಾತ್‌ನಲ್ಲಿ, ನಿಮ್ಮ ಗೋಡೆಯಿಂದ 9 ಮೀಟರ್ ದೂರದಲ್ಲಿ ನಿಂತವರ ಕಣ್ಣು 1.6 ಮೀಟರ್ ಎತ್ತರದಲ್ಲಿದೆ, ನಿಮ್ಮ ಪ್ಯಾರಪೆಟ್ 7 ಮೀಟರ್ ಎನ್ನಿ. ಕಣ್ಣಿನಿಂದ ಪ್ಯಾರಪೆಟ್ ತುದಿಗೆ ಎಳೆದ ಗೆರೆ 9 ಮೀಟರಿಗೆ 5.4 ಮೀಟರ್ ಏರುತ್ತದೆ, ಅಂದರೆ ಮೀಟರಿಗೆ 60 ಸೆಂಟಿಮೀಟರ್. ಮೇಲ್ಮಹಡಿ 3 ಮೀಟರ್ ಹಿಂದೆ ಸರಿದರೆ ಅಲ್ಲಿ ಗೆರೆಯ ಎತ್ತರ 8.8 ಮೀಟರ್; ಆ ಮಹಡಿಯ ತುದಿ ನೆಲದಿಂದ 10 ಮೀಟರ್ ಎತ್ತರದಲ್ಲಿದ್ದರೆ ಅದರ ಮೇಲಿನ 1.2 ಮೀಟರ್ ಇನ್ನೂ ಕಾಣುತ್ತದೆ. 5 ಮೀಟರ್ ಸರಿದರೆ ಮರೆಯಾಗುತ್ತದೆ. ನೀರಿನ ಟ್ಯಾಂಕು, ಲಿಫ್ಟ್ ರೂಮು, ಸೋಲಾರ್ ಫಲಕ, ಏಸಿಯ ಹೊರಘಟಕಗಳನ್ನೂ ಇದೇ ಗೆರೆಗೆ ಹಿಡಿದು ನೋಡಿ. ಇವನ್ನು ನಕ್ಷೆಯಲ್ಲಿ ತೋರಿಸದೆ ಬಿಟ್ಟಿದ್ದಕ್ಕೇ ಎಷ್ಟೋ ಅರ್ಜಿಗಳು ವಾಪಸ್ ಬರುತ್ತವೆ.

ಸಾಮರಸ್ಯ ಎಂದರೆ ಪಕ್ಕದ ಮನೆಯ ಕಂಬ, ಕಮಾನುಗಳನ್ನು ನಕಲು ಮಾಡುವುದು ಎಂದು ಹಲವರು ತಿಳಿದಿರುತ್ತಾರೆ. ತೆಳು ಕ್ಲಾಡಿಂಗ್‌ನ (ಗೋಡೆಗೆ ಅಂಟಿಸುವ ಹೊರಹೊದಿಕೆಯ) ಸುಳ್ಳು ಕಮಾನಿಗಿಂತ, ಅದೇ ಅಳತೆಯ ಅನುಪಾತದಲ್ಲಿ ಕಟ್ಟಿದ ಸರಳ ಹೊಸ ಗೋಡೆ ಎಷ್ಟೋ ಮೇಲು. ಬೀದಿಯ ನಿವೇಶನಗಳೆಲ್ಲ 6 ಮೀಟರ್ ಅಗಲವಿದ್ದು, ನೀವು ಎರಡನ್ನು ಕೂಡಿಸಿಕೊಂಡಿದ್ದರೆ 12 ಮೀಟರಿನ ಮುಂಭಾಗವನ್ನು ನಡುವೆ ಒಂದು ಒಳಸರಿತ ಕೊಟ್ಟು ಎರಡು ಭಾಗ ಮಾಡಿ. ಅದನ್ನು ಬಿಟ್ಟು ನಾಲ್ಕೈದು ಬಗೆಯ ಕಲ್ಲು, ಟೈಲು, ಮರ ಹಚ್ಚಿ ಗಾತ್ರ ಮರೆಸಲು ಹೊರಟರೆ ಗೊಂದಲವಷ್ಟೇ ಉಳಿಯುತ್ತದೆ. ಮುಖ್ಯ ಸಾಮಗ್ರಿಗಳು ಎರಡು, ಹೆಚ್ಚೆಂದರೆ ಮೂರು ಸಾಕು.

ಕಿಟಕಿಯ ಚೌಕಟ್ಟು ಗೋಡೆಯ ಹೊರಮೈಗೆ ಸಮವಾಗಿ ಕೂತರೆ ನೆರಳೇ ಬೀಳದೆ ಗೋಡೆ ಕಾಗದದಂತೆ ಕಾಣುತ್ತದೆ. 100 ಮಿಲಿಮೀಟರ್ ಒಳಕ್ಕೆ ಕೂರಿಸಿ, 1:20ರ ಸೆಕ್ಷನ್‌ನಲ್ಲಿ (ಗೋಡೆಯನ್ನು ಸೀಳಿ ನೋಡಿದಂತಿರುವ ನಕ್ಷೆಯಲ್ಲಿ) ಅದನ್ನು ತೋರಿಸಿ. ಕಲ್ಲಿನ ಕ್ಲಾಡಿಂಗ್ ಮುಂಭಾಗದ ಮೂಲೆಯಲ್ಲೇ ನಿಂತರೆ ಅದರ ತೆಳುತನ ಬಯಲಾಗುತ್ತದೆ. ಪಕ್ಕದ ಗೋಡೆಗೆ ತಿರುಗಿಸಿ, ಒಳಮೂಲೆ ಸಿಗುವ ತನಕ ಒಯ್ಯಿರಿ. ಬಣ್ಣವನ್ನು ಕೈಯಗಲದ ಚೀಟಿಯಲ್ಲಿ ಆರಿಸಬೇಡಿ. ಒಂದು ಮೀಟರ್ ಚೌಕದ ಮಾದರಿಯನ್ನು ಗೋಡೆಯ ಮೇಲೆಯೇ ಬಳಿದು ಬಿಸಿಲಿನಲ್ಲೂ ನೆರಳಿನಲ್ಲೂ ನೋಡಿ.

ಅರ್ಜಿ ಸಲ್ಲಿಸುವ ಮುನ್ನ ಸಮಿತಿಯೊಂದಿಗೆ ಪೂರ್ವಭಾವಿ ಸಭೆಗೆ ಅವಕಾಶವಿದ್ದರೆ ಬೀದಿಯ ಎಲಿವೇಷನ್ ಮತ್ತು ಕಚ್ಚಾ ನಕ್ಷೆಯಷ್ಟೇ ಒಯ್ಯಿರಿ. ಎತ್ತರ, ಸೆಟ್‌ಬ್ಯಾಕ್, ಪಾರ್ಕಿಂಗ್ ಬಾಗಿಲಿನ ಜಾಗ ಅಲ್ಲೇ ಇತ್ಯರ್ಥವಾಗಲಿ. ಪೂರ್ತಿ ನಕ್ಷೆ ಹಿಡಿದು ಹೋದರೆ ಬದಲಾಯಿಸಲು ನಿಮಗೇ ಮನಸ್ಸಾಗುವುದಿಲ್ಲ. ಅಕ್ಕಪಕ್ಕದವರಿಗೂ ನೋಟಿಸ್ ತಲುಪುವ ಮೊದಲೇ ಹಾಳೆ ತೋರಿಸಿ. ಅವರ ಕಿಟಕಿಗೆ ಎದುರಾಗಿ ನಿಮ್ಮ ಬಾಲ್ಕನಿ ಬರುತ್ತಿದ್ದರೆ ವಿಚಾರಣೆಯ ದಿನಕ್ಕಿಂತ ಆಗ ತಿಳಿಯುವುದು ಒಳ್ಳೆಯದು.

ಸಮಿತಿ ಆಕ್ಷೇಪ ಎತ್ತಿದರೆ ಅದು ಮಾರ್ಗಸೂಚಿಯ ಯಾವ ಅಂಶಕ್ಕೆ ಸಂಬಂಧಿಸಿದ್ದೆಂದು ಕೇಳಿ ಬರೆದುಕೊಳ್ಳಿ. ಮರುಸಲ್ಲಿಕೆಯಲ್ಲಿ ಪ್ರತಿ ಆಕ್ಷೇಪದ ಎದುರು ನಿಮ್ಮ ಬದಲಾವಣೆ ಮತ್ತು ಹಾಳೆಯ ಸಂಖ್ಯೆ ಇರುವ ಪಟ್ಟಿ ಕೊಟ್ಟರೆ ಹಳೆಯ ಚರ್ಚೆ ಮತ್ತೆ ಮೊದಲಿನಿಂದ ಶುರುವಾಗುವುದಿಲ್ಲ.

ಒಪ್ಪಿಗೆ ಸಿಕ್ಕಮೇಲೆ ಅದರ ಷರತ್ತುಗಳನ್ನು ಕೆಲಸದ ನಕ್ಷೆಯ ಮೊದಲ ಹಾಳೆಯಲ್ಲೇ ಬರೆಸಿ, ಒಂದು ಪ್ರತಿ ಗುತ್ತಿಗೆದಾರರ ಕೈಗೆ ಕೊಡಿ. ಒಪ್ಪಿಗೆಯಾದ ಕಿಟಕಿ ಸಿಗಲಿಲ್ಲವೆಂದು ಬೇರೆಯದನ್ನು ಕೂರಿಸುವ ಮುನ್ನ ತಿದ್ದುಪಡಿ ಅರ್ಜಿ ಹಾಕಿ. ಕೊನೆಯ ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ಗೋಡೆ ಒಡೆಯಬೇಕಾದೀತು.