ವೇಸ್ಟ್ ಆಯಿಲ್ ವ್ಯಾಪಾರ: ಮೊದಲು ನೀರು ನೋಡಿ, ಆಮೇಲೆ ರೇಟು

ಗ್ಯಾರೇಜುಗಳಿಂದ ವೇಸ್ಟ್ ಆಯಿಲ್, ಅಂದರೆ ಬಳಸಿ ತೆಗೆದ ಎಂಜಿನ್ ಆಯಿಲ್, ಎತ್ತಿ ಅದನ್ನು ಶುದ್ಧ ಮಾಡುವ ರೀ-ರಿಫೈನಿಂಗ್ ಘಟಕಕ್ಕೆ ಕೊಡುವುದು ನನ್ನ ಕೆಲಸ. ವಿಲ್ಸನ್ ಗಾರ್ಡನ್, ಕಲಾಸಿಪಾಳ್ಯ, ಪೀಣ್ಯ ಕಡೆ ನನ್ನ ಟೆಂಪೊ ಓಡಾಡುತ್ತದೆ. ಈ ಕೆಲಸಕ್ಕೆ ಇಳಿಯಬೇಕು ಅನ್ನುವವರು ಮೊದಲು ಕೇಳುವುದು ಲೀಟರಿಗೆ ಎಷ್ಟು ಉಳಿಯುತ್ತೆ ಅಂತ. ಅದು ಎಣ್ಣೆಯಲ್ಲಿ ನೀರೆಷ್ಟಿದೆ ಅನ್ನುವುದರ ಮೇಲೆ ನಿಂತಿದೆ.

ಒಂದು ಬ್ಯಾರೆಲ್ ಅಂದರೆ ಸುಮಾರು 210 ಲೀಟರ್. ಮುಚ್ಚಳವಿಲ್ಲದೆ ಹೊರಗಿಟ್ಟರೆ ಮಳೆನೀರು ಸೇರುತ್ತದೆ. ಹಳೇ ಕೂಲೆಂಟ್, ಬ್ರೇಕ್ ಆಯಿಲ್, ಪಾರ್ಟ್ಸ್ ತೊಳೆದ ಡೀಸೆಲ್ ಎಲ್ಲವನ್ನೂ ಅದಕ್ಕೇ ಸುರಿಯುವವರೂ ಇದ್ದಾರೆ. ಶೇ 10ರಷ್ಟು ನೀರಿದ್ದರೂ 21 ಲೀಟರ್ ನೀರಿಗೆ ಎಣ್ಣೆಯ ದುಡ್ಡು ಕೊಟ್ಟಂತಾಯಿತು. ಸಾಗಿಸುವ ಖರ್ಚು ಬೇರೆ. ಘಟಕದವರು ಮೊದಲು ಅದನ್ನು ಕಾಯಿಸಿ ನೀರು ತೆಗೆಯಬೇಕು, ಆ ಖರ್ಚನ್ನು ನಮ್ಮ ರೇಟಿನಲ್ಲೇ ಮುರಿದುಕೊಳ್ಳುತ್ತಾರೆ.

ಅದಕ್ಕೇ ನಾನು ಡ್ರಮ್ಮಿನ ಬುಡದಿಂದ ಸ್ಯಾಂಪಲ್ ತೆಗೆಯುತ್ತೇನೆ. ನೀರು ಕೆಳಗೆ ಕೂತಿರುತ್ತದೆ ಅಲ್ವಾ? ಕಾದ ತಗಡಿನ ಮೇಲೆ ಒಂದೆರಡು ಹನಿ ಬಿಟ್ಟರೆ ಸಾಕು. ಚಟಪಟ ಅಂದರೆ ನೀರಿದೆ. ಕಣ್ಣಿಗೆ ಕನ್ನಡಕ ಹಾಕದೆ ಇದನ್ನು ಮಾಡಬೇಡಿ.

ಆಮೇಲೆ ಗ್ಯಾರೇಜಿಗೆ ನಾನೇ ಮುಚ್ಚಳದ ಬ್ಯಾರೆಲ್ ಕೊಡಲು ಶುರುಮಾಡಿದೆ, ಕೂಲೆಂಟಿಗೆ ಬೇರೆ ಕ್ಯಾನ್. ಬೇರೆ ಮಾಡಿಟ್ಟವರಿಗೆ ಜಾಸ್ತಿ ರೇಟು. ನನ್ನ ಲಾಭ ನಿಂತಿರುವುದು ಇದರ ಮೇಲೆಯೇ.

ದೊಡ್ಡ ಪೈಪೋಟಿ ಸೆಂಟ್ರಿಂಗ್‌ನವರದು, ಅಂದರೆ ಕಾಂಕ್ರೀಟ್ ಹಾಕಲು ಅಚ್ಚು ಕಟ್ಟುವವರದು. ಕಾಂಕ್ರೀಟ್ ಅಂಟದಂತೆ ಶೀಟಿಗೆ ಬಳಿಯಲು ಕೈಯಲ್ಲಿ ನಗದು ಕೊಟ್ಟು ಒಯ್ಯುತ್ತಾರೆ, ಚೀಟಿಯಿಲ್ಲ, ಲೆಕ್ಕವಿಲ್ಲ. ಬಾಯ್ಲರಿಗೆ ಹಾಕಿ ಸುಡುವವರೂ ಇದ್ದಾರೆ. ಎಂಜಿನ್ ಆಯಿಲ್‌ನ ಮೂಲ ಎಣ್ಣೆ (ಬೇಸ್ ಆಯಿಲ್) ಅಷ್ಟಾಗಿ ಸವೆಯುವುದಿಲ್ಲ. ಅದರಲ್ಲಿ ಬೆರೆಸಿದ ಅಡಿಟಿವ್‌ಗಳು ಮುಗಿದು, ಮಸಿ, ಲೋಹದ ಪುಡಿ ಸೇರಿರುತ್ತವೆ ಅಷ್ಟೇ. ನಿರ್ವಾತದಲ್ಲಿ ಬಟ್ಟಿ ಇಳಿಸಿದರೆ ಮತ್ತೆ ಬೇಸ್ ಆಯಿಲ್ ಸಿಗುತ್ತದೆ. ಅಂಥದ್ದು ಮಳೆಗೆ ತೊಳೆದು ರಾಜಕಾಲುವೆ ಸೇರುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಕಾಗದಪತ್ರ ಇಲ್ಲದೆ ಈ ಕೆಲಸ ಮಾಡಲೇಬೇಡಿ. 2016ರ ಅಪಾಯಕಾರಿ ತ್ಯಾಜ್ಯ ನಿಯಮದಡಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಬೇಕು, ಸಾಗಿಸುವಾಗ ಮ್ಯಾನಿಫೆಸ್ಟ್, ಅಂದರೆ ಎಲ್ಲಿಂದ ಎಲ್ಲಿಗೆ ಎಷ್ಟು ಮಾಲು ಅಂತ ಬರೆದ ಚೀಟಿ, ಜೊತೆಗಿರಬೇಕು. 2024ರ ಏಪ್ರಿಲ್ 1ರಿಂದ ಎಣ್ಣೆ ತಯಾರಿಸುವ ಕಂಪನಿಗಳಿಗೂ ಮರುಬಳಕೆಯ ಹೊಣೆ ಬಂದಿದೆ. ಇಷ್ಟು ಎಣ್ಣೆ ಮರುಬಳಕೆಯಾಗಿದೆ ಅನ್ನುವ ಸರ್ಟಿಫಿಕೇಟನ್ನು ಅವು ನೋಂದಾಯಿತ ಘಟಕದಿಂದ ಕೊಳ್ಳಬೇಕು. ಅಂದರೆ ಘಟಕಕ್ಕೆ ಎಣ್ಣೆಯ ಜೊತೆ ಇನ್ನೊಂದು ಆದಾಯ. ರೇಟು ಮಾತಾಡುವಾಗ ಅದರಲ್ಲೂ ಪಾಲು ಕೇಳುತ್ತಿದ್ದೇನೆ. ಅದು ಸಿಕ್ಕರೆ ಸೆಂಟ್ರಿಂಗ್‌ನವರು ಕೊಡುವ ರೇಟನ್ನು ನಾನೂ ಗ್ಯಾರೇಜಿಗೆ ಕೊಡಬಹುದು.