ಬಾಗಿಲು ತಟ್ಟದೆ ಕಳೆದ ಕ್ರಿಸ್‌ಮಸ್: ಸಹಾಯ ನಿಧಿಯ ಖಜಾಂಚಿಯಾಗಿ ನನ್ನ ಅನುಭವ

2020ರ ಅಕ್ಟೋಬರ್ ತಿಂಗಳಲ್ಲಿ ನಮ್ಮ ಚರ್ಚಿನ ಸಹಾಯ ನಿಧಿಯ ಲೆಕ್ಕದ ಪುಸ್ತಕವನ್ನು ಮುಂದಿಟ್ಟುಕೊಂಡು ನಾವು ಐದು ಮಂದಿ ಕುಳಿತಾಗ ಮೊದಲು ಕಣ್ಣಿಗೆ ಬಿದ್ದದ್ದು, ವರ್ಷದ ಜಮೆಯಲ್ಲಿ ಮುಕ್ಕಾಲು ಪಾಲು ಡಿಸೆಂಬರಿನ ಒಂಬತ್ತು ರಾತ್ರಿಗಳದ್ದು ಎಂಬ ಸಂಗತಿ. ಆರು ವರ್ಷಗಳಿಂದ ಆ ಪುಸ್ತಕವನ್ನು ನಾನೇ ಬರೆಯುತ್ತಿದ್ದರೂ ಇದನ್ನು ಅಷ್ಟು ಸ್ಪಷ್ಟವಾಗಿ ಗಮನಿಸಿರಲಿಲ್ಲ. ಆ ಒಂಬತ್ತು ರಾತ್ರಿ ನಮ್ಮ ಕ್ಯಾರಲ್ ತಂಡದವರು, ಅಂದರೆ ಕ್ರಿಸ್‌ಮಸ್ ಹಾಡುಗಳನ್ನು ಹಾಡುವವರು, ಮನೆಮನೆಗೆ ಹೋಗಿ ಎರಡು ಹಾಡು ಹಾಡಿ, ಒಂದು ಪ್ರಾರ್ಥನೆ ಸಲ್ಲಿಸಿ, ಕಾಣಿಕೆ ಡಬ್ಬಿಯನ್ನು ಮುಂದೆ ಹಿಡಿಯುತ್ತಿದ್ದರು. ಔಷಧಿಯ ಖರ್ಚು ಭರಿಸಲಾಗದವರಿಗೆ, ಶಾಲೆಯ ಶುಲ್ಕ ಬಾಕಿ ಉಳಿದ ಮಕ್ಕಳಿಗೆ, ದುಡಿಮೆ ನಿಂತುಹೋದ ಮನೆಗಳಿಗೆ ವರ್ಷವಿಡೀ ನೆರವು ಹೋಗುತ್ತಿದ್ದದ್ದು ಆ ಡಬ್ಬಿಯಿಂದಲೇ. ಈಗ ಕೇಳುವವರ ಸಂಖ್ಯೆ ಹಿಂದೆಂದಿಗಿಂತಲೂ ಹೆಚ್ಚಾಗಿತ್ತು, ಡಬ್ಬಿ ಹಿಡಿದು ಹೊರಡುವ ದಾರಿ ಮಾತ್ರ ಕೊರೊನಾ ಸೋಂಕಿನಿಂದಾಗಿ ಮುಚ್ಚಿತ್ತು.

ನಾಲ್ಕು ಜನರ ಸಣ್ಣ ತಂಡ ಮಾಡಿಕೊಂಡು, ಮಾಸ್ಕ್ ಧರಿಸಿ, ಅಂಗಳದಲ್ಲಿ ನಿಂತು ಹಾಡಿದರಾಗದೇ ಎಂದು ನಮ್ಮಲ್ಲಿ ಇಬ್ಬರು ಕೇಳಿದರು. ನಾನು ಅದಕ್ಕೆ ಒಪ್ಪಲಿಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಕೌಂಟಿಯಲ್ಲಿ ಆ ವರ್ಷದ ಮಾರ್ಚ್ 10ರಂದು ಒಂದು ಗಾಯನ ವೃಂದದ 61 ಮಂದಿ ಸುಮಾರು ಎರಡೂವರೆ ಗಂಟೆ ಅಭ್ಯಾಸ ನಡೆಸಿದ್ದರು. ಅವರಲ್ಲಿ ಒಬ್ಬರಿಗೆ ಆಗಲೇ ಸೋಂಕಿನ ಲಕ್ಷಣಗಳಿದ್ದವು. ಮುಂದಿನ ದಿನಗಳಲ್ಲಿ 53 ಮಂದಿಗೆ ಕಾಯಿಲೆ ಖಚಿತವಾಯಿತು ಅಥವಾ ಬಂದಿರಬಹುದೆಂದು ಗುರುತಿಸಲಾಯಿತು, ಇಬ್ಬರು ತೀರಿಕೊಂಡರು. ಅದು ಮುಚ್ಚಿದ ಕೋಣೆ, ನಮ್ಮದು ತೆರೆದ ಅಂಗಳ ಎಂಬ ವ್ಯತ್ಯಾಸ ನನಗೆ ತಿಳಿಯದ್ದೇನಲ್ಲ. ಆದರೆ ಹಾಡುವವರು ಆಳವಾಗಿ ಉಸಿರೆಳೆದು ಜೋರಾಗಿ ಬಿಡುತ್ತಾರೆ, ಬಾಯಿಂದ ಸೂಕ್ಷ್ಮ ಹನಿಗಳು ಮಾತಾಡುವಾಗಿನದಕ್ಕಿಂತ ಹೆಚ್ಚು ಹೊರಬೀಳುತ್ತವೆ. ಮೇಲಾಗಿ ಒಂದೇ ರಾತ್ರಿಯಲ್ಲಿ ಹಲವು ಮನೆಗಳಿಗೆ ಹೋಗುವ ತಂಡ ಒಂದು ಮನೆಯ ಸೋಂಕನ್ನು ಉಳಿದೆಲ್ಲ ಮನೆಗಳಿಗೂ ಒಯ್ಯಬಲ್ಲದು. ಬಾಗಿಲಲ್ಲಿ ನಿಂತು ನಮ್ಮನ್ನು ಕಾಯುತ್ತಿದ್ದವರಲ್ಲಿ ಹೆಚ್ಚಿನವರು ಎಪ್ಪತ್ತು ದಾಟಿದವರು. ಅಂದು ನಾವು ಕ್ಯಾರಲ್ ಸುತ್ತಾಟವನ್ನು ಪೂರ್ತಿ ಕೈಬಿಟ್ಟೆವು.

ಮೊದಲ ಪ್ರಯತ್ನದಲ್ಲಿ ನಾವು ಸೋತೆವು, ಅದನ್ನು ಇದ್ದಂತೆಯೇ ಹೇಳಬೇಕು. ಹಿಂದಿನ ವರ್ಷದ ಹಾಡಿನ ವಿಡಿಯೊವೊಂದನ್ನು ಹುಡುಕಿ ತೆಗೆದು, ಅದರ ಕೆಳಗೆ ನಿಧಿಯ ಬ್ಯಾಂಕ್ ಖಾತೆಯ ವಿವರವನ್ನೂ ಕ್ಯೂಆರ್ ಕೋಡನ್ನೂ ಹಾಕಿ, ಈ ವರ್ಷ ಇಷ್ಟು ಮೊತ್ತ ಬೇಕು ಎಂದು ದೊಡ್ಡ ಸಂಖ್ಯೆಯೊಂದನ್ನು ಬರೆದು ವಾಟ್ಸ್‌ಆ್ಯಪ್ ಗುಂಪುಗಳಿಗೆ ಕಳುಹಿಸಿದೆವು. ಕೈ ಮುಗಿದ ಚಿತ್ರಗಳು, ಹೃದಯದ ಚಿತ್ರಗಳು ಬೇಕಾದಷ್ಟು ಬಂದವು. ಹತ್ತು ದಿನ ಕಳೆದ ಮೇಲೆ ಖಾತೆ ನೋಡಿದರೆ 132 ಮನೆಗಳ ಪೈಕಿ ಹಣ ಕಳುಹಿಸಿದ್ದವರು ಏಳು ಮನೆಯವರು ಮಾತ್ರ. ಕಷ್ಟದ ವರ್ಷ, ಜನರ ಕೈ ಬಿಗಿಯಾಗಿದೆ ಎಂದು ನಾವು ಸಮಾಧಾನ ಮಾಡಿಕೊಂಡೆವು. ಕಷ್ಟದ ವರ್ಷವೆಂಬುದು ನಿಜ, ಆದರೆ ಹಣ ಬಾರದಿದ್ದದ್ದಕ್ಕೆ ಕಾರಣ ಅದಾಗಿರಲಿಲ್ಲ.

ಕಾರಣ ತಿಳಿದದ್ದು ಒಬ್ಬ ಅಜ್ಜಿಯಿಂದ. ಒಬ್ಬರೇ ಇರುವ ಅವರ ಆರೋಗ್ಯ ವಿಚಾರಿಸಲೆಂದು ನವೆಂಬರ್ ಮೊದಲ ವಾರ ಫೋನ್ ಮಾಡಿದ್ದೆ; ನಿಧಿಯ ಮಾತು ನನ್ನ ಮನಸ್ಸಿನಲ್ಲಿರಲಿಲ್ಲ. ಮಾತಿನ ನಡುವೆ ಅವರೇ, “ಈ ವರ್ಷ ನೀವ್ಯಾರೂ ಬರಲ್ಲ ಅಂತ ಗೊತ್ತು ಮಗಾ. ಆದ್ರೂ ಕವರ್ ಎತ್ತಿಟ್ಟಿದ್ದೀನಿ. ಯಾರ ಕೈಗೆ ಕೊಡ್ಲಿ ಹೇಳು?” ಎಂದರು. ಆ ಪ್ರಶ್ನೆ ಕೇಳಿದ ಮೇಲೆ ನನಗೆ ರಾತ್ರಿ ನಿದ್ದೆ ಸರಿಯಾಗಿ ಹತ್ತಲಿಲ್ಲ. ಜನ ಇಷ್ಟು ವರ್ಷ ಕಾಣಿಕೆ ಕೊಡುತ್ತಿದ್ದದ್ದು ನಮ್ಮ ಹಾಡಿಗೆ ಎಂದು ನಾವು ತಿಳಿದಿದ್ದೆವು. ಅವರು ಕೊಡುತ್ತಿದ್ದದ್ದು ಮನೆಯವರೆಗೆ ಬಂದವರ ಕೈಗೆ, ಹೆಸರು ಹಿಡಿದು ಕರೆದು, ಮೊಣಕಾಲು ನೋವು ಈಗ ಹೇಗಿದೆ ಎಂದು ಕೇಳಿದವರ ಕೈಗೆ. ನಾವು ಹಾಡನ್ನು ವಿಡಿಯೊದಲ್ಲಿ ಕಳುಹಿಸಿದ್ದೆವು, ಮನೆಗೆ ಹೋಗುವುದರ ಬದಲಿಗೆ ಏನನ್ನೂ ಕಳುಹಿಸಿರಲಿಲ್ಲ.

ಹಾಗಾಗಿ ಎರಡನೆಯ ಸಲ ಬೇರೆ ರೀತಿಯಲ್ಲಿ ಶುರು ಮಾಡಿದೆವು. 132 ಮನೆಗಳ ಪಟ್ಟಿಯನ್ನು ಹನ್ನೊಂದು ಮಂದಿಗೆ ತಲಾ ಹನ್ನೆರಡರಂತೆ ಹಂಚಿದೆವು. ಹಂಚುವಾಗ ಆಯಾ ಮನೆಯವರ ದನಿಯನ್ನು ಗುರುತಿಸಬಲ್ಲವರಿಗೇ ಆ ಮನೆ ಹೋಗುವಂತೆ ನೋಡಿಕೊಂಡೆವು. ಮೊದಲ ಕರೆಯಲ್ಲಿ ಹಣದ ಮಾತು ಬರಕೂಡದು ಎಂಬುದು ನಮ್ಮ ಗಟ್ಟಿ ನಿಯಮವಾಗಿತ್ತು. ಆರೋಗ್ಯ, ಮಕ್ಕಳ ಓದು, ಕೆಲಸ, ತೀರಿಕೊಂಡವರ ಸುದ್ದಿ, ಇಷ್ಟೇ. ಹಣದ ವಿಷಯ ಎರಡನೆಯ ಕರೆಗೆ, ಅಂದರೆ ಕ್ರಿಸ್‌ಮಸ್‌ಗೆ ಸಿದ್ಧರಾಗುವ ಆಗಮನ ಕಾಲ ಆ ವರ್ಷ ಆರಂಭವಾದ ನವೆಂಬರ್ 29ರ ನಂತರಕ್ಕೆ. ಈ ಮೂರು ವಾರಗಳ ಅಂತರ ವ್ಯರ್ಥ ಎಂದು ಕೆಲವರಿಗೆ ಅನ್ನಿಸಿತ್ತು. ಆದರೆ ಆ ಮೊದಲ ಸುತ್ತಿನಲ್ಲಿಯೇ, ನಾವು ಯಾರಿಂದ ದೊಡ್ಡ ಕಾಣಿಕೆಯನ್ನು ನಿರೀಕ್ಷಿಸಿದ್ದೆವೋ ಅಂಥ ಎರಡು ಮನೆಗಳಲ್ಲಿ ನಾಲ್ಕು ತಿಂಗಳಿಂದ ಸಂಬಳವೇ ಬಂದಿಲ್ಲವೆಂಬುದು ತಿಳಿಯಿತು. ನೇರವಾಗಿ ಹಣ ಕೇಳಿದ್ದರೆ ಅವರು ಸಂಕೋಚಕ್ಕೆ ಬಿದ್ದು ಎಲ್ಲಿಂದಲಾದರೂ ಸಾಲ ತಂದು ಕೊಟ್ಟುಬಿಡುತ್ತಿದ್ದರೋ ಏನೋ. ನಾವು ಅವರ ಹೆಸರನ್ನು ಸದ್ದಿಲ್ಲದೆ ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಸರಿಸಿದೆವು.

ಕೇಳುವ ರೀತಿಯನ್ನೂ ಬದಲಿಸಿದೆವು. ದೊಡ್ಡ ಮೊತ್ತವೊಂದನ್ನು ಎದುರಿಗಿಟ್ಟರೆ ಸಣ್ಣ ಕಾಣಿಕೆ ಕೊಡುವವರಿಗೆ ನಾಚಿಕೆಯಾಗುತ್ತದೆ, ನನ್ನದು ಯಾವ ಲೆಕ್ಕ ಎಂದು ಹಿಂಜರಿಯುತ್ತಾರೆ. ಅದನ್ನು ಬಿಟ್ಟು, ಒಬ್ಬ ರೋಗಿಯ ಒಂದು ವಾರದ ಔಷಧಿ, ಒಂದು ಮನೆಯ ಹದಿನೈದು ದಿನದ ದಿನಸಿ, ಒಂದು ಮಗುವಿನ ಒಂದು ತಿಂಗಳ ಶುಲ್ಕ ಎಂದು ಬಿಡಿಬಿಡಿಯಾಗಿ ಹೇಳತೊಡಗಿದೆವು. ಇಬ್ಬರು ಅಕ್ಕತಂಗಿಯರು ಸೇರಿ ಒಂದು ವಾರದ ಔಷಧಿಯನ್ನು ವಹಿಸಿಕೊಂಡು, ಮುಂದಿನ ವಾರ ತಾವೇ ಫೋನ್ ಮಾಡಿ ಇನ್ನೊಂದು ವಾರದ್ದನ್ನೂ ವಹಿಸಿಕೊಂಡರು. ಹೀಗೆ ಬಿಡಿಯಾಗಿ ಕೇಳುವುದರಲ್ಲಿ ಒಂದು ಹೊಣೆಯೂ ಇದೆ: ಔಷಧಿಗೆಂದು ಬಂದ ಹಣವನ್ನು ಶುಲ್ಕಕ್ಕೆ ತಿರುಗಿಸುವಂತಿಲ್ಲ. ಆದ್ದರಿಂದ ಲೆಕ್ಕದ ಪುಸ್ತಕದಲ್ಲಿ ಮೂರು ಪ್ರತ್ಯೇಕ ಪುಟ ತೆರೆದು, ಯಾವುದಾದರೂ ಪುಟ ತುಂಬಿದ ಕೂಡಲೇ ಅದಕ್ಕೆ ಕೇಳುವುದನ್ನು ನಿಲ್ಲಿಸಿದೆವು.

ಖಾತೆಗೆ ಹಣ ಬರತೊಡಗಿದಾಗ ನನಗೆ ಎದುರಾದ ತೊಡಕು, ಯಾರದ್ದು ಯಾವುದು ಎಂದು ಗುರುತಿಸುವುದು. ಗಂಡನ ಕಾಣಿಕೆ ಹೆಂಡತಿಯ ಖಾತೆಯಿಂದ, ತಾಯಿಯದು ದೂರದ ಮಗನ ಖಾತೆಯಿಂದ ಬರುತ್ತಿತ್ತು. ಒಬ್ಬರಿಗೆ ಎರಡು ಸಲ ರಸೀದಿ ಹೋಗಿ, ಇನ್ನೊಬ್ಬರಿಗೆ ಒಂದೂ ಹೋಗದೆ ಮನಸ್ತಾಪವೂ ಆಯಿತು. ಕೊನೆಗೆ ಪ್ರತಿ ಮನೆಗೂ ಒಂದರಿಂದ 132ರವರೆಗೆ ಕ್ರಮಸಂಖ್ಯೆ ಕೊಟ್ಟು, ಹಣ ಕಳುಹಿಸುವಾಗ ಟಿಪ್ಪಣಿಯ ಜಾಗದಲ್ಲಿ ಆ ಸಂಖ್ಯೆಯನ್ನು ಮಾತ್ರ ಬರೆಯಿರಿ ಎಂದು ಕೇಳಿಕೊಂಡ ಮೇಲೆ ಗೊಂದಲ ತೀರಿತು. ಪ್ರತಿ ಶನಿವಾರ ನಾನು ಬರೆದ ಲೆಕ್ಕವನ್ನು ಇನ್ನೊಬ್ಬರು ಬ್ಯಾಂಕಿನ ವಿವರದೊಂದಿಗೆ ತಾಳೆ ನೋಡಿ ಸಹಿ ಹಾಕುತ್ತಿದ್ದರು. ಒಬ್ಬರೇ ಮನೆಯಲ್ಲಿ ಕುಳಿತು ಸಮುದಾಯದ ಹಣವನ್ನು ನೋಡಿಕೊಳ್ಳುವಾಗ ಈ ಎರಡನೆಯ ಸಹಿಯ ಅಗತ್ಯ ಇನ್ನೂ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ಅದು ಖಜಾಂಚಿಯ ರಕ್ಷಣೆಗೂ ಹೌದು. ಫೋನಿನಲ್ಲಿ ಹಣ ಕಳುಹಿಸಲು ಬಾರದ ಹಿರಿಯರ ಮನೆಯ ಗೇಟಿನ ಬಳಿಗೆ ಅವರಿಗೆ ಕರೆ ಮಾಡುತ್ತಿದ್ದವರೇ ಹೋಗಿ, ದೂರ ನಿಂತು, ಗೋಡೆಯ ಮೇಲಿಟ್ಟ ಕವರನ್ನು ತೆಗೆದುಕೊಂಡು ಬಂದರು. ಅಜ್ಜಿಯ ಪ್ರಶ್ನೆಗೆ ನಮಗೆ ಸಿಕ್ಕ ಉತ್ತರ ಇದು.

ಯುವಕರ ಗುಂಪಿನದು ಬೇರೆಯೇ ದಾರಿ. ಇಂಗ್ಲೆಂಡಿನ ಕ್ಯಾಪ್ಟನ್ ಟಾಮ್ ಮೂರ್ ಅವರು ಆ ವರ್ಷದ ಏಪ್ರಿಲ್‌ನಲ್ಲಿ, ತಮಗೆ ನೂರು ವರ್ಷ ತುಂಬುವ ಮುನ್ನ, ನಡೆಯಲು ನೆರವಾಗುವ ಚೌಕಟ್ಟನ್ನು ಹಿಡಿದು ತಮ್ಮ ಮನೆಯ ತೋಟದಲ್ಲಿ ನೂರು ಸುತ್ತು ನಡೆದು, ಸಾವಿರ ಪೌಂಡ್ ಗುರಿಯಿಂದ ಶುರು ಮಾಡಿ ಆರೋಗ್ಯ ಸೇವೆಯ ದತ್ತಿ ಸಂಸ್ಥೆಗಳಿಗಾಗಿ ಮೂರು ಕೋಟಿ ಪೌಂಡ್‌ಗೂ ಮೀರಿ ಹಣ ಸೇರಿಸಿದ್ದು ಮಕ್ಕಳಿಗೂ ತಿಳಿದಿತ್ತು. ನಮ್ಮ ಹುಡುಗ ಹುಡುಗಿಯರು ತಂತಮ್ಮ ಮನೆಯ ಮೆಟ್ಟಿಲುಗಳನ್ನೇ ಆರಿಸಿಕೊಂಡರು. ದಿನಕ್ಕೆ ಇಷ್ಟು ಮೆಟ್ಟಿಲು ಹತ್ತುತ್ತೇನೆ, ನೂರು ಮೆಟ್ಟಿಲಿಗೆ ನೀವು ಎಷ್ಟು ಕೊಡುತ್ತೀರಿ ಎಂದು ಸೋದರಮಾವಂದಿರನ್ನೂ ಅತ್ತೆಯರನ್ನೂ ಕೇಳಿದರು. ಹನ್ನೆರಡು ವರ್ಷದ ಹುಡುಗಿಯೊಬ್ಬಳು ಗೋಡೆಗೆ ಕಾಗದ ಅಂಟಿಸಿ, ಪ್ರತಿ ಸಲ ಮೇಲೆ ತಲುಪಿದಾಗ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದು, ಐದನೆಯದನ್ನು ಅಡ್ಡ ಹಾಕುತ್ತಿದ್ದಳು. ಆ ಕಾಗದ ಈಗಲೂ ನನ್ನ ಕಡತದಲ್ಲಿದೆ. ಕೊನೆಯ ಸಾಲುಗಳ ಗೆರೆಗಳು ಸೊಟ್ಟಗಿವೆ, ಕೈ ಸೋತದ್ದು ಅದರಲ್ಲಿ ಕಾಣುತ್ತದೆ.

ಹಣವನ್ನು ತಲುಪಿಸುವಾಗ ಫೋಟೊ ತೆಗೆಯಬಾರದು ಎಂದು ನಾನು ಪಟ್ಟು ಹಿಡಿದೆ. ಕೊಟ್ಟವರಿಗೆ ನಂಬಿಕೆ ಬರಲು ಫೋಟೊ ಬೇಕು ಎಂಬ ವಾದವಿತ್ತು. ನಂಬಿಕೆ ಬರಬೇಕಾದದ್ದು ಲೆಕ್ಕದಿಂದ; ನೆರವು ಪಡೆದವರ ಮುಖದಿಂದಲ್ಲ. ಖರ್ಚಿನ ಪುಟದಲ್ಲಿಯೂ ಅವರ ಹೆಸರಿಗೆ ಬದಲಾಗಿ ಸಂಖ್ಯೆಯನ್ನೇ ಬರೆದೆವು, ಹೆಸರು ಧರ್ಮಗುರುಗಳಿಗೂ ನಮ್ಮಲ್ಲಿ ಇಬ್ಬರಿಗೂ ಮಾತ್ರ ತಿಳಿದಿತ್ತು.

ಹಾಗೆಂದು ಹಾಡನ್ನು ಬಿಟ್ಟುಬಿಡಲು ಯಾರಿಗೂ ಮನಸ್ಸಿರಲಿಲ್ಲ. ಜೂಮ್‌ನಲ್ಲಿ ಒಟ್ಟಿಗೆ ಹಾಡಲು ಹೋದ ಮೊದಲ ಸಂಜೆಯೇ ಅದು ಆಗದ ಕೆಲಸವೆಂದು ತಿಳಿಯಿತು. ಒಬ್ಬರ ದನಿ ಇನ್ನೊಬ್ಬರಿಗೆ ತಲುಪುವಲ್ಲಿ ಆಗುವ ಕ್ಷಣದ ತಡ ಮಾತಿಗೆ ಅಡ್ಡಿಯಾಗದಿದ್ದರೂ ತಾಳವನ್ನು ಕೆಡಿಸುತ್ತದೆ. ಎಲ್ಲರೂ ಎಲ್ಲರಿಗಾಗಿ ಕಾಯುತ್ತಾ ಹಾಡು ನಿಧಾನವಾಗುತ್ತಾ ನಿಂತೇಹೋಗುತ್ತದೆ. ಆದ್ದರಿಂದ ಕೀಬೋರ್ಡ್ ನುಡಿಸುವವರು ರಾಗವನ್ನು ಮುದ್ರಿಸಿ ಎಲ್ಲರಿಗೂ ಕಳುಹಿಸಿದರು. ಪ್ರತಿಯೊಬ್ಬರೂ ಒಂದು ಫೋನಿನಿಂದ ಇಯರ್‌ಫೋನ್ ಮೂಲಕ ಅದನ್ನು ಕೇಳುತ್ತಾ, ಫ್ಯಾನ್ ಆರಿಸಿ, ಇನ್ನೊಂದು ಫೋನಿನಲ್ಲಿ ತಮ್ಮ ದನಿಯನ್ನು ಮುದ್ರಿಸಿದರು. ಆರಂಭದಲ್ಲಿ ಒಂದು ಚಪ್ಪಾಳೆ ತಟ್ಟಬೇಕೆಂದು ಹೇಳಿದ್ದೆವು. ಕಂಪ್ಯೂಟರಿನಲ್ಲಿ ದನಿಯ ಅಲೆಗಳನ್ನು ಒಂದರ ಕೆಳಗೊಂದು ಹರಡಿದಾಗ ಆ ಚಪ್ಪಾಳೆ ಮೊನಚಾದ ಗೆರೆಯಾಗಿ ಕಾಣುತ್ತದೆ, ಆ ಗೆರೆಗಳನ್ನು ಒಂದೇ ನೇರಕ್ಕೆ ತಂದರೆ ಹತ್ತೊಂಬತ್ತು ಮನೆಗಳ ದನಿ ಒಂದಾಗುತ್ತದೆ. ಆದರೂ ಸಾಲಿನ ಕೊನೆಯ ದೀರ್ಘಸ್ವರವನ್ನು ಒಬ್ಬೊಬ್ಬರು ಒಂದೊಂದು ಕಡೆ ಬಿಟ್ಟಿದ್ದರು. ಒಂದೇ ಕೋಣೆಯಲ್ಲಿದ್ದರೆ ನಿರ್ದೇಶಕರ ಕೈ ನೋಡಿ ನಿಲ್ಲಿಸುತ್ತಿದ್ದೆವು. ಒಂಟಿಯಾಗಿ ಹಾಡುವಾಗ ಅವರವರ ಉಸಿರು ಮುಗಿದ ಕಡೆ ನಿಂತಿತ್ತು. ಎಷ್ಟನೆಯ ಎಣಿಕೆಗೆ ಸ್ವರ ಬಿಡಬೇಕೆಂದು ಸಾಹಿತ್ಯದ ಮೇಲೆ ಗುರುತು ಮಾಡಿ ಮತ್ತೊಮ್ಮೆ ಮುದ್ರಿಸಿದಾಗ ಹಾಡು ಸರಿಯಾಯಿತು.

ಆ ಹಾಡನ್ನು ಯಾವಾಗ ಕೇಳಿಸಬೇಕು ಎಂಬುದನ್ನು ಆಕಾಶವೇ ತೀರ್ಮಾನಿಸಿತು. ಡಿಸೆಂಬರ್ 21ರ ಸಂಜೆ ಗುರು ಮತ್ತು ಶನಿ ಗ್ರಹಗಳು ಒಂದಕ್ಕೊಂದು ಅಂಟಿಕೊಂಡಂತೆ ಕಾಣುವಷ್ಟು ಸಮೀಪ, ಒಂದು ಡಿಗ್ರಿಯ ಸುಮಾರು ಹತ್ತನೆಯ ಒಂದು ಭಾಗದಷ್ಟು ಅಂತರದಲ್ಲಿ ಕಂಡವು. ಅಷ್ಟು ಸಮೀಪ ಬಂದದ್ದು 1623ರ ನಂತರ ಅದೇ ಮೊದಲು. ಸೂರ್ಯ ಮುಳುಗಿದ ಮೇಲೆ ಎಲ್ಲರೂ ತಮ್ಮ ತಮ್ಮ ತಾರಸಿಗೋ ಅಂಗಳಕ್ಕೋ ಬಂದು, ನೈಋತ್ಯದ ಕೆಳ ಆಕಾಶವನ್ನು ನೋಡುತ್ತಾ, ಒಂದೇ ಹೊತ್ತಿಗೆ ಆ ಹಾಡನ್ನು ಹಾಕಿ ಕೇಳಬೇಕೆಂದು ಕರೆ ಮಾಡುವವರು ಮೊದಲೇ ತಿಳಿಸಿದ್ದರು. ಕೆಲವರಿಗೆ ಮರಗಳು ಅಡ್ಡ ಬಂದವು. ಅಜ್ಜಿಗೆ ಆ ಚುಕ್ಕಿಗಳು ಕಾಣಿಸಲಿಲ್ಲ, ಆದರೆ ನಾನು ಫೋನಿನಲ್ಲಿ ಜೊತೆಗಿದ್ದೆ. ಪಕ್ಕದ ಮನೆಯಿಂದಲೂ ಅದೇ ಹಾಡು ಕೇಳಿಬರುತ್ತಿದೆ ಎಂದು ಅವರು ಹೇಳಿದರು.

ಚರ್ಚಿನಲ್ಲಿ ಪ್ರತಿವರ್ಷ ಕಟ್ಟುತ್ತಿದ್ದ ದೊಡ್ಡ ಗೋದಲಿಯನ್ನು, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯನ್ನು, ಕೈಬಿಟ್ಟು ಅದರ ಖರ್ಚನ್ನು ನಿಧಿಗೆ ಸೇರಿಸುವ ತೀರ್ಮಾನ ಸುಲಭವಾಗಿರಲಿಲ್ಲ. ಅದನ್ನು ಕಟ್ಟುತ್ತಿದ್ದ ಹಿರಿಯರಿಗೆ ನೋವಾಯಿತು. 1223ರಲ್ಲಿ ಸಂತ ಫ್ರಾನ್ಸಿಸರು ಇಟಲಿಯ ಗ್ರೆಚ್ಚೊದಲ್ಲಿ ಗೋದಲಿ ಏರ್ಪಡಿಸಿದಾಗ ಹುಲ್ಲು ಹಾಸಿದ ಮೇವಿನ ತೊಟ್ಟಿ, ಎತ್ತು, ಕತ್ತೆ ಇವಷ್ಟೇ ಇದ್ದವೆಂಬುದನ್ನು ಧರ್ಮಗುರುಗಳು ಅವರಿಗೆ ನೆನಪಿಸಿ, ಮನೆಯಲ್ಲಿ ಸಣ್ಣ ಗೋದಲಿ ಕಟ್ಟುವುದನ್ನು ಮಕ್ಕಳಿಗೆ ವಿಡಿಯೊ ಕರೆಯಲ್ಲಿ ಕಲಿಸಿಕೊಡುವಂತೆ ಕೇಳಿಕೊಂಡರು. ಮೂರು ಶನಿವಾರ ಅವರು ಕಲಿಸಿದರು. ಕ್ರಿಸ್‌ಮಸ್ ಹಿಂದಿನ ದಿನದ ನಡುರಾತ್ರಿಯ ಬಲಿಪೂಜೆಯೂ (ಚರ್ಚಿನ ಪ್ರಧಾನ ಪೂಜೆ) ಆ ವರ್ಷ ಇರಲಿಲ್ಲ. ಇಟಲಿಯಲ್ಲಿ ರಾತ್ರಿ ಹತ್ತರ ನಂತರ ಹೊರಗೆ ಓಡಾಡುವಂತಿರಲಿಲ್ಲವಾದ್ದರಿಂದ ವ್ಯಾಟಿಕನ್ನಿನಲ್ಲಿಯೇ ಪೋಪ್ ಫ್ರಾನ್ಸಿಸ್ ಅವರು ಡಿಸೆಂಬರ್ 24ರ ಪೂಜೆಯನ್ನು ಸಂಜೆ ಏಳೂವರೆಗೆ ಅರ್ಪಿಸಿದರು. ನಾವೂ ಮೂರು ಹೊತ್ತು ಗೊತ್ತುಮಾಡಿ, ಮೊದಲೇ ಹೆಸರು ಬರೆಸಿದವರು ಮಾತ್ರ ಬರುವಂತೆ, ಸಾಮೂಹಿಕ ಹಾಡಿಲ್ಲದೆ ಪೂಜೆ ನಡೆಸಿದೆವು.

ಜನವರಿಯ ಎರಡನೆಯ ವಾರ ಲೆಕ್ಕ ಮುಗಿಯಿತು. ಕಾಣಿಕೆ ನೀಡಿದ ಮನೆಗಳು 104. ಒಟ್ಟು ಮೊತ್ತ ಹಿಂದಿನ ವರ್ಷದ ಕ್ಯಾರಲ್ ಡಬ್ಬಿಗಿಂತ ಸ್ವಲ್ಪವೇ ಕಡಿಮೆ. ಕೊಟ್ಟ ಮನೆಗಳು ಮಾತ್ರ ಹಿಂದಿನ ವರ್ಷಕ್ಕಿಂತ ಹೆಚ್ಚು, ಏಕೆಂದರೆ ಒಂಬತ್ತು ರಾತ್ರಿಗಳಲ್ಲಿ ನಮ್ಮ ತಂಡ ಎಂದೂ ಎಲ್ಲ ಮನೆಗಳನ್ನು ಮುಟ್ಟಿರಲಿಲ್ಲ. ಔಷಧಿಯ ಪುಟದಲ್ಲಿ ಉಳಿಕೆಯಿತ್ತು, ಶುಲ್ಕದ ಪುಟದಲ್ಲಿ ಕೊರತೆಯಿತ್ತು, ಅದನ್ನು ಹಾಗೆಯೇ ಬರೆದು ಎಲ್ಲರಿಗೂ ಕಳುಹಿಸಿದೆವು. ಓದಲಾಗದವರಿಗೆ ಫೋನಿನಲ್ಲಿ ಓದಿ ಹೇಳಿದೆವು. ಅಜ್ಜಿ ಪೂರ್ತಿ ಕೇಳಿಸಿಕೊಂಡು, ಶುಲ್ಕಕ್ಕೆ ಎಷ್ಟು ಕಡಿಮೆ ಬಿದ್ದಿದೆ ಎಂದು ಎರಡು ಸಲ ಕೇಳಿ, “ಶನಿವಾರ ಫೋನ್ ಮಾಡ್ತೀಯಲ್ಲ, ಆಗ ಹೇಳ್ತೀನಿ” ಎಂದರು.