ಅಳದ ಮಗು

ಕೊಡಗಿನ ಸಿದ್ದಾಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ ಕೆಲಸದವರ ಮಕ್ಕಳನ್ನು ನೋಡಿಕೊಳ್ಳುತ್ತೇನೆ. ರೊಬಸ್ಟಾ ಕಾಫಿಯ ಕೊಯ್ಲಿನ ಸಮಯದಲ್ಲಿ, ಕೆಲಸದವರು ಸಾಲಾಗಿ ವಾಸಿಸುವ ಲೈನ್ ಮನೆಗಳ ತಾಯಂದಿರು ಬೆಳಗ್ಗೆ ಬೇಗನೇ ಮಕ್ಕಳನ್ನು ಬಿಟ್ಟು ಹೋಗುತ್ತಾರೆ. ಮೊದಲೆಲ್ಲ ಅಳುವ ಮಗುವಿಗೆ ಏನೋ ಆಟಿಕೆ ತೋರಿಸಿ, ಅಮ್ಮನನ್ನು ಹಿಂದಿನ ಬಾಗಿಲಿಂದ ಕಳಿಸಿಬಿಡುತ್ತಿದ್ದೆ. ಅಳದ ಮಗುವನ್ನು ಕಂಡರೆ 'ಎಷ್ಟು ಜಾಣೆ' ಅನ್ನುತ್ತಿದ್ದೆ.

ಪುಟ್ಟಿ ಅಂತ ಕರೆಯುತ್ತಿದ್ದ ಒಂದು ಮಗು ಬಂತು. ಒಂದು ವರ್ಷ ಮೂರು ತಿಂಗಳು. ಮೊದಲ ವಾರ ತುಂಬಾ ಅತ್ತಳು, ಆಮೇಲೆ ನಿಲ್ಲಿಸಿದಳು. ನನಗೂ ಸಮಾಧಾನವಾಯಿತು. ಒಂದು ಸಂಜೆ ಅಮ್ಮ ಬಂದು ಕೈ ಚಾಚಿದರೆ ಪುಟ್ಟಿ ತಿರುಗಿಯೂ ನೋಡಲಿಲ್ಲ. ಡಬ್ಬಿಯ ಮುಚ್ಚಳ ತಿರುಗಿಸುತ್ತಾ ಕೂತೇ ಇದ್ದಳು. 'ನನ್ನ ಮರೆತೇಬಿಟ್ಟಳಾ ಅಕ್ಕಾ?' ಅಂದಳು ಅಮ್ಮ. ಅವಳ ಬೆರಳಲ್ಲಿ ಕಾಫಿ ಹಣ್ಣಿನ ಅಂಟು ಇನ್ನೂ ಇತ್ತು.

ಆ ರಾತ್ರಿ ನಿದ್ದೆ ಬರಲಿಲ್ಲ. ಮಕ್ಕಳ ಮನಸ್ಸನ್ನು ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞೆ ಮೇರಿ ಐನ್ಸ್‌ವರ್ತ್ ಬಗ್ಗೆ ಓದಿದ್ದು ನೆನಪಾಯಿತು. ಸುಮಾರು 12ರಿಂದ 18 ತಿಂಗಳ ಮಕ್ಕಳಿದ್ದ ಕೋಣೆಯಿಂದ ಅಮ್ಮನನ್ನು ಕೆಲವೇ ನಿಮಿಷ ಹೊರಗೆ ಕಳಿಸಿ, ಮತ್ತೆ ಒಳಗೆ ಕರೆಸಿ ನೋಡಿದವರು ಆಕೆ. ಅಮ್ಮ ಹೋದಾಗ ಮಗು ಎಷ್ಟು ಅತ್ತಿತು ಅನ್ನುವುದಕ್ಕಿಂತ, ವಾಪಸ್ ಬಂದಾಗ ಏನು ಮಾಡಿತು ಅನ್ನುವುದೇ ಅವರಿಗೆ ಮುಖ್ಯವಾಗಿ ಕಂಡಿತು. ಓಡಿ ಬಂದು, ಅತ್ತು, ಸಮಾಧಾನವಾಗಿ ಮತ್ತೆ ಆಟಕ್ಕೆ ಹೋಗುವ ಮಗುವಿಗೆ ಅಮ್ಮನ ಮೇಲೆ ಭರವಸೆ ಇದೆ. ಕೆಲವು ಮಕ್ಕಳು ಅಮ್ಮನನ್ನು ಕಂಡೂ ಕಾಣದ ಹಾಗೆ ಇರುತ್ತವೆ. ಅಂಥ ಮಕ್ಕಳ ಎದೆಬಡಿತ ಅಳೆದರೆ, ಒಳಗೊಳಗೆ ಅವೂ ತಳಮಳಿಸುತ್ತಿರುವುದು ಮುಂದೆ ಗೊತ್ತಾಯಿತು. ಒಂದು ಸಂಜೆ ನೋಡಿ ಮಗು ಹೀಗೇ ಅಂತ ತೀರ್ಮಾನಿಸಬಾರದು, ನಿಜ. ಸುಸ್ತಾಗಿದ್ದರೂ ಹಾಗಿರಬಹುದು. ಆದರೆ ಕದ್ದು ಕಳಿಸುತ್ತಿದ್ದದ್ದು ನಾನೇ ಅಲ್ವಾ?

ಹಿಂದಿನ ಬಾಗಿಲಿಗೆ ಚಿಲಕ ಹಾಕಿದೆ. ಅಮ್ಮ ಐದು ನಿಮಿಷ ಕೂತು, 'ಹೋಗಿ ಬರ್ತೀನಿ ಮಗ, ಸಂಜೆ ಬರ್ತೀನಿ' ಅಂತ ಹೇಳಿಯೇ ಹೊರಡಬೇಕು. ತಡವಾಗುತ್ತೆ ಅಂತ ಮೇಸ್ತ್ರಿ ಗೊಣಗಿದರು, ಕೂರಿಸಿ ವಿವರಿಸಿದೆ. ಪುಟ್ಟಿಯನ್ನು ದಿನಾ ನಾನೇ ಎತ್ತಿಕೊಳ್ಳುತ್ತಿದ್ದೆ, ಬೇರೆಯವರ ಕೈಗೆ ಕೊಡುತ್ತಿರಲಿಲ್ಲ. ಅಮ್ಮ ತಲೆಗೆ ಕಟ್ಟುವ ಹಳೇ ಬಟ್ಟೆ ಒಂದನ್ನು ಅವಳ ಕೈಯಲ್ಲೇ ಇಟ್ಟಿದ್ದೆ. ಅಳು ಮತ್ತೆ ಶುರುವಾಯಿತು, ಮೊದಲಿಗಿಂತ ಜಾಸ್ತಿ. 'ಸುಮ್ನಿರು' ಅನ್ನಲಿಲ್ಲ. 'ಅಮ್ಮ ಹೋದಳು, ಬೇಜಾರಾಯ್ತಾ?' ಅಂತ ಬೆನ್ನು ಸವರುತ್ತಿದ್ದೆ.

ಮೂರನೇ ವಾರ ಒಂದು ಸಂಜೆ, ಅಂಗಳದಲ್ಲಿ ಅಮ್ಮನ ದನಿ ಕೇಳಿದ್ದೇ ತಡ, ಪುಟ್ಟಿ ಬಟ್ಟೆ ಎಳೆದುಕೊಂಡು ಬಾಗಿಲಿಗೆ ಓಡಿ, ಅಮ್ಮನ ಕಾಲು ತಬ್ಬಿ ಜೋರಾಗಿ ಅತ್ತಳು. ಅಮ್ಮ ಗಾಬರಿಯಿಂದ ನನ್ನ ಮುಖ ನೋಡಿದಳು.

'ಎತ್ತಿಕೋ,' ಅಂದೆ. 'ಅಳಲಿ ಬಿಡು.'